ಗುಂಯ್ ಅನ್ನದ ಸೌಂಡ್ ಕಾರ್ಡು

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಒಂದೇ ಒಂದು ಸಲ ಮಾಡಬಹುದಾದ ಕೆಲಸ ಎದುರಿಗಿದೆ, ಅದಕ್ಕೆ ಇಷ್ಟೇ ದಿನ ಅಂತ ಯಾರೋ ಹೇಳಿಬಿಟ್ಟಿದ್ದಾರೆ, ಆದರೆ ಅಂಗೈಯಗಲದ ಒಂದು ಸಾಮಾನು ಸರಿಯಾದದ್ದು ಸಿಗದೆ ದಿನ ಒಂದೊಂದಾಗಿ ಕೈ ಬಿಟ್ಟು ಹೋಗುತ್ತಿದೆ? ಆಗಿದ್ದರೆ ಕೊನೆಯವರೆಗೂ ಓದಿ. ಆಗಿಲ್ಲದಿದ್ದರೂ ಓದಿ. ನಾನು ಮಾಡಿದ ತಪ್ಪನ್ನು ನೀವು ಮಾಡದೆ ಇದ್ದರೆ ಅಷ್ಟೇ ಸಾಕು.

ನನ್ನದು ಮದ್ದೂರಿನಲ್ಲಿ ಜೆರಾಕ್ಸ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಪಹಣಿ ತೆಗೆದುಕೊಡುತ್ತೇನೆ, ಜಾತಿ ಆದಾಯದ ಅರ್ಜಿ ಹಾಕಿಕೊಡುತ್ತೇನೆ, ನಾಮಕರಣದ ಕಾರ್ಡಿನಿಂದ ಹಿಡಿದು ತಿಥಿ ಕಾರ್ಡಿನ ತನಕ ಟೈಪ್ ಮಾಡುತ್ತೇನೆ. ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದು ಲಿನಕ್ಸ್, ದುಡ್ಡು ಕೊಡದೆ ಸಿಗುವ ಆಪರೇಟಿಂಗ್ ಸಿಸ್ಟಮ್. ಯಾಕೆ ಅಂತ ಹಳೆಯ ಪೋಸ್ಟುಗಳನ್ನು ಓದಿದವರಿಗೆ ಗೊತ್ತು. ಹಿಂದೆ ದುಡ್ಡಿನ ಸಿಸ್ಟಮ್ಮಿನ ಕಳ್ಳ ಕಾಪಿ ಹಾಕಿಕೊಂಡಿದ್ದಾಗ ವೈರಸ್ ಬಂದು, ಮಾರನೆಯ ದಿನ ಪ್ರಿಂಟಿಗೆ ಹೋಗಬೇಕಿದ್ದ ಮೂರು ಮದುವೆ ಕರೆಯೋಲೆ ತಿಂದು ಹಾಕಿತ್ತು. ಅವತ್ತಿನಿಂದ ಲಿನಕ್ಸ್. ಯಾರಿಗೂ ಕೈ ಒಡ್ಡದ, ಯಾರೂ ಬಂದು ಬೀಗ ಹಾಕಲಾಗದ ವ್ಯವಸ್ಥೆ ಅಂತ ನಿಮ್ಮೆಲ್ಲರ ಮುಂದೆ ಎಷ್ಟು ಕೊಚ್ಚಿಕೊಂಡಿದ್ದೇನೆ ಅಂದರೆ, ಈಗ ನೆನೆಸಿಕೊಂಡರೆ ನನಗೇ ನಾಚಿಕೆ.

ನನ್ನ ಅಣ್ಣ ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಡ್ರಾಮಾ ಮೇಷ್ಟ್ರು. ನಮ್ಮ ಸೀಮೆಯವರಲ್ಲದವರಿಗೆ ಹೇಳಬೇಕು. ಇಲ್ಲಿ ಊರೂರಲ್ಲೂ ಪೌರಾಣಿಕ ನಾಟಕ ಆಡುತ್ತಾರೆ. ಕಬ್ಬು ಬೆಳೆಯುವವರು, ಟೀ ಅಂಗಡಿಯವರು, ಜಲಪಾತದ ಬಳಿ ಬ್ಲಫ್‌ನ ಪವರ್ ಹೌಸಿನಲ್ಲಿ ನೌಕರಿ ಮಾಡುವವರು, ಎಲ್ಲರೂ ಒಂದೊಂದು ಪಾರ್ಟು ಹಿಡಿಯುತ್ತಾರೆ. ಅವರಿಗೆ ತಿಂಗಳುಗಟ್ಟಲೆ ಹಾಡು ಕಲಿಸುವವನು ಹಾರ್ಮೋನಿಯಂ ಮೇಷ್ಟ್ರು. ಮಾತು, ಪದ ಅಂದರೆ ಹಾಡು, ಎಲ್ಲ ಪುಸ್ತಕದಲ್ಲಿ ಬರೆದಿರುತ್ತದೆ. ಆದರೆ ಯಾವ ಪದಕ್ಕೆ ಯಾವ ಮಟ್ಟು, ಅಂದರೆ ಅದನ್ನು ಯಾವ ಧಾಟಿಯಲ್ಲಿ ಎತ್ತಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ಕಡಿಯಬೇಕು, ಅದು ಯಾವ ಪುಸ್ತಕದಲ್ಲೂ ಇಲ್ಲ. ಮೇಷ್ಟ್ರು ಹಾಡಿ ತೋರಿಸಬೇಕು, ಪಾರ್ಟುದಾರ ಕೇಳಿ ಹಾಡಬೇಕು. ಅಣ್ಣನಿಗೆ ಕಲಿಸಿದ ಮೇಷ್ಟ್ರು ಸತ್ತು ಬಹಳ ಕಾಲವಾಯಿತು. ಆ ನೂರಾರು ಮಟ್ಟುಗಳು ಇದ್ದದ್ದು ಅಣ್ಣನ ಗಂಟಲಲ್ಲಿ ಮಾತ್ರ.

ಆ ಗಂಟಲಿಗೇ ಕ್ಯಾನ್ಸರ್ ಬಂತು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವಕ್ಕೆ ತೊಂದರೆ ಆಗದಂತೆ ನೋಡಿಕೊಳ್ಳಬಹುದು, ಧ್ವನಿ ಮಾತ್ರ ಉಳಿಯುವುದಿಲ್ಲ. ಇನ್ನು ಹನ್ನೆರಡು ದಿನಕ್ಕೆ ಆಪರೇಷನ್. ಅಲ್ಲಿಯ ತನಕ ಗಂಟಲಿಗೆ ಹೆಚ್ಚು ಶ್ರಮ ಕೊಡಬಾರದು. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಆರ್ಮೋನಿ ಬಾರಿಸ್ಬೋದಾ ಸಾರ್?" ಬಾರಿಸಬಹುದು ಅಂದರು.

ಬಸ್ ಸ್ಟ್ಯಾಂಡಿನಲ್ಲಿ ಟೀ ಹಿಡಿದುಕೊಂಡು ನಿಂತಾಗ ಅಣ್ಣ ಅಂದ, "ಕೈ ಉಳೀತಲ್ಲ ಕಣವ್ವ, ಬುಡು."

"ಕೈ ತಗಂಡು ಏನ್ ಮಾಡೀಯಣ್ಣ, ಮಟ್ಟು ಏಳ್ಕೊಡಾಕೆ ಗಂಟ್ಲು ಬ್ಯಾಡ್ವಾ?"

"ಅದ್ಕೇನ್ ಮಾಡನ ಏಳು."

"ಅನ್ನೆರಡು ದಿನ ಐತೆ. ನಮ್ಮನೇಗೆ ಬಂದ್ಬುಡು. ಅಷ್ಟೂ ಪದ ರೆಕಾರ್ಡ್ ಮಾಡ್ತೀನಿ. ನೀನು ಏಳ್ತಾ ಓಗು, ನಾನು ಇಡ್ಕತಾ ಓಯ್ತೀನಿ."

ಅವನು ಟೀ ಮುಗಿಸಿ ಲೋಟ ಇಟ್ಟ. ಆಮೇಲೆ, "ನಿನ್ ಮಿಸೀನ್ ಇಡ್ಕತದಾ?" ಅಂದ.

"ನನ್ ಮಿಸೀನ್ ಏನ್ ಬೇಕಾದ್ರೂ ಇಡ್ಕತದೆ ಕಣಣ್ಣ," ಅಂದೆ. ನಾಲಿಗೆ ಕಚ್ಚಿಕೊಳ್ಳಬೇಕು ಈಗ.

ಮಾರನೆಯ ದಿನವೇ ಗೂಡ್ಸ್ ಆಟೋದಲ್ಲಿ ಕಾಲಲ್ಲಿ ತಿದಿ ತುಳಿಯುವ ಅವನ ಹಾರ್ಮೋನಿಯಂ, ಜೊತೆಗೆ ಅಣ್ಣ, ಅತ್ತಿಗೆ, ಅವನು ಹಾಡುವ ಮೈಕು, ಎಲ್ಲ ನಮ್ಮ ಮನೆಗೆ ಬಂದಿಳಿದವು.

'ಫೋನಿನಲ್ಲಿ ರೆಕಾರ್ಡ್ ಮಾಡಬಹುದಿತ್ತಲ್ಲ ಅಕ್ಕ' ಅಂತ ದಯವಿಟ್ಟು ಕಾಮೆಂಟ್ ಹಾಕಬೇಡಿ. ಮೊದಲ ದಿನ ಮಾಡಿದ್ದೇ ಅದು. ಈಗಿನ ಫೋನುಗಳು ಬಹಳ ಬುದ್ಧಿವಂತ. ಒಂದೇ ಸಮ ಬರುವ ಸದ್ದು ಏನೇ ಇರಲಿ, ಫ್ಯಾನಿನ ಗಾಳಿ ಅಂದುಕೊಂಡು ಅಳಿಸಿಬಿಡುತ್ತವೆ. ಹಾರ್ಮೋನಿಯಂ ಶ್ರುತಿ ಒಂದೇ ಸಮ ಬರುವುದಲ್ಲದೆ ಇನ್ನೇನು? ಅಳಿಸಿತು. ಅಣ್ಣ ಎಳೆದು ನಿಲ್ಲಿಸುವ ಸ್ವರ? ಅದನ್ನೂ ಅರ್ಧಕ್ಕೆ ನುಂಗಿತು. ಆಗಲೇ ಸ್ವಲ್ಪ ಒಡೆದಿದ್ದ ಅವನ ಗಂಟಲಿನ ಕರಕರ ಇದೆಯಲ್ಲ, ಅದನ್ನು ಪೂರ್ತಿ ಕಸ ಅಂತಲೇ ತೀರ್ಮಾನ ಮಾಡಿತು. ಕೇಳಿದರೆ ನೀರಿನೊಳಗೆ ಮುಳುಗಿ ಯಾರೋ ಹಾಡಿದಂತಿತ್ತು.

"ಇದ್ಯಾರು?" ಅಂದ ಅಣ್ಣ, ಫೋನ್ ಕಿವಿಗಿಟ್ಟುಕೊಂಡು.

"ನೀನೇ ಕಣಣ್ಣ."

"ನಾನಾ? ನಂಗೆ ಆಪ್ರೇಸನ್ ಆದ್ಮೇಲೆ ಮಾಡಿರಂಗದೆ."

ಹಾಗಾಗಿ ಕಂಪ್ಯೂಟರು. ಎರಡನೆಯ ದಿನ ಮೈಕಿನ ವೈರನ್ನು ಕಂಪ್ಯೂಟರಿನ ಹಿಂದಿನ ತೂತಿಗೇ ಸಿಕ್ಕಿಸಿದೆ. ಮದರ್‌ಬೋರ್ಡಿನಲ್ಲೇ ಕೂತು ಬಂದಿರುವ ಸೌಂಡು ಅದು. ಮೌಸ್ ಅಲುಗಿಸಿದರೆ ಕಿರ್ ಅನ್ನುತ್ತದೆ, ಫೈಲ್ ಸೇವ್ ಆದರೆ ಗೊರಗೊರ ಅನ್ನುತ್ತದೆ. ಅದರ ಕೆಳಗೆ ಒಂದು ಗುಂಯ್. ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಕಿವಿಯಿಟ್ಟರೆ ಕೇಳುತ್ತದಲ್ಲ, ಅಂಥ ಗುಂಯ್. ಈ ಗುಂಯ್ ಅನ್ನು ನೆನಪಿಟ್ಟುಕೊಳ್ಳಿ.

ಮೂರನೆಯ ದಿನ, ಬೇರೆ ಸೌಂಡ್ ಕಾರ್ಡ್, ಅಂದರೆ ಕಂಪ್ಯೂಟರಿಗೆ ದನಿ ಮುಟ್ಟಿಸುವ ಸಾಮಾನು, ತರೋಣ ಅಂತ ಮಂಡ್ಯಕ್ಕೆ ಹೋದೆ. ನಾನು ಯಾವಾಗಲೂ ಟೋನರ್ ತರುವ ಅಂಗಡಿ. ಅಂಗಡಿಯವನು ನನಗಿಂತ ನಾಲ್ಕು ವರ್ಷ ಚಿಕ್ಕವನಿರಬಹುದು, ತಲೆ ಬೋಳಾಗಿ ನನಗಿಂತ ದೊಡ್ಡವನ ಹಾಗೆ ಕಾಣುತ್ತಾನೆ.

"ಲಿನಕ್ಸಿಗೆ ಸೌಂಡ್ ಕಾರ್ಡಾ? ಅಕ್ಕೋ, ಸುಮ್ಕೆ ಕಳ್ ಕಾಪಿ ಆಕ್ಕೊಡ್ತೀನಿ ತಂದ್ಬುಡು. ಅತ್ ನಿಮ್ಸದ್ ಕೆಲ್ಸ. ಯಾವ್ ಕಾರ್ಡ್ ಬೇಕಾದ್ರೂ ಓಡ್ತದೆ."

"ನಂಗ್ ಕಳ್ ಕಾಪಿ ಬ್ಯಾಡ. ಡ್ರೈವರ್ ಸಿ.ಡಿ. ಕೇಳ್ದಲೆ ಓಡೋ ಕಾರ್ಡ್ ಕೊಡು."

"ಕಾರ್ಡೆಲ್ಲಿ ಕೇಳ್ತದಕ್ಕ, ಅದ್ರ ಕಂಪ್ನಿಯೋನು ಕೇಳ್ತಾನೆ. ತಗೋ, ಇದು ಏನೂ ಕೇಳಕ್ಕಿಲ್ಲ," ಅಂತ ಹೆಬ್ಬೆರಳಷ್ಟು ಉದ್ದದ ಒಂದು ಯುಎಸ್‌ಬಿ ಕಡ್ಡಿ ಕೊಟ್ಟ.

ಅದು ನಿಜಕ್ಕೂ ಏನೂ ಕೇಳಲಿಲ್ಲ. ಸಿಕ್ಕಿಸಿದ ತಕ್ಷಣ ಲಿನಕ್ಸ್ ಗುರುತು ಹಿಡಿಯಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಣ್ಣನನ್ನು ಕೂರಿಸಿ, ಅಂಗಡಿ ಬಾಗಿಲು ಎಳೆದು, ಫ್ಯಾನ್ ಆರಿಸಿ, "ಏಳಣ್ಣ" ಅಂದೆ. ಅವನು ಆರು ಪದ ಹೇಳಿದ. ಕೇಳಿಸಿಕೊಂಡರೆ, ಅವನು ಮೆಲ್ಲಗೆ ಹಾಡುವ ಕಡೆ ಕಡ್ಡಿ ತಾನಾಗಿಯೇ ದನಿ ಏರಿಸುತ್ತದೆ, ಏರು ದನಿಯಲ್ಲಿ ಹಾಡುವ ಕಡೆ ತಾನಾಗಿಯೇ ತಗ್ಗಿಸುತ್ತದೆ. ಅಣ್ಣನ ಏರಿಳಿತವೆಲ್ಲ ರೋಡ್ ರೋಲರ್ ಹೊಡೆದಂತೆ ಚಪ್ಪಟೆ. ಆ ಚಾಳಿಯನ್ನು ಕಮಾಂಡ್ ಬರೆಯುವ ಕಪ್ಪು ಪರದೆಯಲ್ಲಿ ಒಂದು ಅಕ್ಷರ ಒತ್ತಿ ನಿಲ್ಲಿಸಬಹುದು ಅಂತ ಅವತ್ತೇ ಸಂಜೆ ಹುಡುಕಿ ತಿಳಿದುಕೊಂಡೆ, ನಿಲ್ಲಿಸಿದೆ. ಆಗ ಬರೀ ಸುಯ್ ಸುಯ್ ಅನ್ನುವ ಮಳೆ ಸದ್ದು ಉಳಿಯಿತು. ಅದರ ಕೆಳಗೆ ಮತ್ತೆ ಅದೇ ಗುಂಯ್.

ಅವತ್ತು ಇನ್ನೂ ಆರೇಳು ಪದ ಹಾಡಿಸಿದ್ದೆ. ಅಣ್ಣನಿಗೆ ಪರೀಕ್ಷೆಗೆ ಹಾಡುವುದು ಅಂದರೆ ಗೊತ್ತಿಲ್ಲ. 'ಒಂದು ಸಾಲು ಹೇಳಣ್ಣ ಸಾಕು' ಅಂದರೂ ಪೂರ್ತಿ ಪದ ಹೇಳಿಯೇ ನಿಲ್ಲಿಸುತ್ತಿದ್ದ. ಹೇಳಿದ್ದನ್ನೇ ಹೇಳು ಅಂದರೆ ಕೋಪ.

"ಒಂದ್ನೇ ಎಷ್ಟ್ ಸಲ ಏಳ್ಳಿ? ಬ್ಯಾರೆ ಏಳ್ತೀನಿ ಸುಮ್ಕಿರು."

ನಾಲ್ಕನೆಯ ದಿನ ಬೆಳಿಗ್ಗೆಯಿಂದಲೇ ಇಂಟರ್ನೆಟ್ಟಿನಲ್ಲಿ ಕೂತೆ. 'ಲಿನಕ್ಸಿಗೆ ಒಳ್ಳೆಯ ದನಿಯ ಕಾರ್ಡ್ ಯಾವುದು' ಅಂತ ಕೇಳಿದರೆ ಲೋಕದಲ್ಲಿರುವ ಪುಣ್ಯಾತ್ಮರೆಲ್ಲ ಉತ್ತರ ಕೊಟ್ಟಿದ್ದಾರೆ. ಆದರೆ ಅವರೆಲ್ಲ ಹೇಳುತ್ತಿರುವುದು ಹಾಡು ಕೇಳುವುದರ ಬಗ್ಗೆ. ದನಿ ಹೊರಗೆ ಬರುವ ಲೆಕ್ಕ. ನನಗೆ ಬೇಕಾಗಿದ್ದು ದನಿ ಒಳಗೆ ಹೋಗುವುದು. ಈ ವ್ಯತ್ಯಾಸ ನನ್ನ ತಲೆಗೆ ಹೊಳೆಯುವ ಹೊತ್ತಿಗೆ ಇನ್ನೊಂದು ಕಾರ್ಡ್ ತಂದಾಗಿತ್ತು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವಂಥದ್ದು, ಬಂಗಾರದ ಬಣ್ಣದ ತೂತುಗಳು, ನೋಡುವುದಕ್ಕೆ ಒಡವೆ. ಅದರಲ್ಲಿ ಹಾಡು ಹಾಕಿದರೆ ಎಷ್ಟು ಚೆಂದ ಅಂದರೆ ಅತ್ತಿಗೆಯೂ ಬಂದು ಬಾಗಿಲಲ್ಲಿ ನಿಂತು ಕೇಳಿದಳು. ಮೈಕ್ ಸಿಕ್ಕಿಸಿದರೆ ಮಾತ್ರ ಸತ್ತ ಮೌನ. ಆ ತೂತನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಲಿನಕ್ಸಿನಲ್ಲಿ ಇನ್ನೂ ಯಾರೂ ಬರೆದಿಲ್ಲವಂತೆ.

ಅತ್ತಿಗೆ ಕಾಳುಮೆಣಸಿನ ಹಾಲು ಹಿಡಿದುಕೊಂಡು ನಿಂತಿದ್ದಳು. ಅವಳು ಕೂಗಾಡುವ ಹೆಂಗಸಲ್ಲ. ಮೆಲ್ಲಗೆ ಕೇಳಿದಳು, "ಅಲ್ಲ ಕಣಮ್ಮಿ, ಆ ಕಳ್ ಕಾಪೀನೇ ಆಕ್ಸಿದ್ರೆ ಏನ್ ಕಳ್ಕತಿದ್ದೆ ನೀನು? ಈಗ ನಿನ್ ಯಾವ್ದು ಗೆಲ್ಬೇಕು, ಮಿಸೀನಾ, ನಿಮ್ಮಣ್ಣನಾ?"

"ಇದ್ರಲ್ಲೇ ಆಯ್ತದೆ ಅತ್ಗೆ. ನಾಳೆ ಒಂದಿನ ಕೊಡಿ."

"ನಾನ್ ಕೊಡಾಕೆ ನನ್ತಾವ ಎಲ್ಲವೆ ದಿನ?"

ಹಠ. ಬೇರೆ ಹೆಸರಿಲ್ಲ ಅದಕ್ಕೆ. ಇಲ್ಲಿ ಇಷ್ಟು ಜನರ ಮುಂದೆ ಬರೆದುಕೊಂಡವಳು ಒಂದು ಮೈಕಿಗೋಸ್ಕರ ಕಳ್ಳ ಕಾಪಿಗೆ ಹೋಗುವುದಾ ಅಂತ. ಆಮೇಲೆ ಗೊತ್ತಾದಂತೆ, ಕಳ್ಳ ಕಾಪಿ ಹಾಕಿದ್ದರೂ ಆ ಗುಂಯ್ ಹೋಗುತ್ತಿರಲಿಲ್ಲ. ಆದರೆ ಅದು ಆಮೇಲೆ ಗೊತ್ತಾಗಿದ್ದು. ಅತ್ತಿಗೆ ಕೇಳಿದ ದಿನ ನನ್ನ ಬಳಿ ಇದ್ದದ್ದು ಹಠ ಮಾತ್ರ.

ಐದನೆಯ ದಿನ ಮಂಡ್ಯದವನು ಫೋನ್ ಮಾಡಿದ. "ಅಕ್ಕ, ಒಂದ್ ಪೆಟ್ಗೆ ಬಂದದೆ. ಈಚೆಗಡೆ ಇಡೋದು, ಯುಎಸ್‌ಬಿ. ಸ್ಟುಡಿಯೋದೋರು ತಗತಾರೆ. ಸಿ.ಡಿ. ಇಲ್ಲ ಏನಿಲ್ಲ. ತಗಂಡೋಗಿ ನೋಡು, ಆಗ್ಲಿಲ್ಲ ಅಂದ್ರೆ ವಾಪಸ್ ಕೊಡು."

ಟಿಫನ್ ಡಬ್ಬಿಯಷ್ಟು ದಪ್ಪದ ಪೆಟ್ಟಿಗೆ. ಮುಂದೆ ಮೈಕಿಗೆ ದೊಡ್ಡ ತೂತು, ಒಂದು ತಿರುಗಿಸುವ ಗುಬುಟು. ಸಿಕ್ಕಿಸಿದೆ. ಲಿನಕ್ಸ್ ಮರುಮಾತಿಲ್ಲದೆ ಒಪ್ಪಿಕೊಂಡಿತು. ಮಳೆ ಸದ್ದಿಲ್ಲ, ಮೌಸಿನ ಕಿರ್ ಇಲ್ಲ, ದನಿ ಹೇಗಿದೆಯೋ ಹಾಗೆ. ಆದರೆ ಗುಂಯ್! ಅದೇ ಗುಂಯ್, ಈಗ ಇನ್ನೂ ದಪ್ಪವಾಗಿ.

ಆರನೆಯ ದಿನ, ಏಳನೆಯ ದಿನ, ಎರಡು ದಿನವೂ ಮಧ್ಯಾಹ್ನ ಅಂಗಡಿ ಮುಚ್ಚಿ ಅಣ್ಣನನ್ನು ಹಾಡಿಸಿದೆ. ಹೊರಗಿನಿಂದ ಜನ ಷಟರ್ ಬಡಿಯುತ್ತಿದ್ದರು.

"ಏನ್ ಕಣಮ್ಮ, ಅಗ್ಲೊತ್ನಲ್ಲೇ ಬಾಗ್ಲಾಕಂಡು ಪದ ಏಳ್ತಿದ್ದೀರಿ? ಒಂದೇ ಒಂದ್ ಆಧಾರ್ ಜೆರಾಕ್ಸು!"

"ನಾಳೀಕ್ ಬನ್ನಿ!"

"ನಾಳೀಕೆ ಆಫೀಸ್ ರಜ ಕಣಮ್ಮೋ!"

ಒಳಗೆ ಅಣ್ಣ ಕಣ್ಣು ಮುಚ್ಚಿ ಹಾಡುತ್ತಿದ್ದ. ರಾಜ ದರ್ಬಾರಿಗೆ ಬರುವ ಮಟ್ಟು, ರಾಣಿ ಅಳುವ ಮಟ್ಟು, ಯುದ್ಧಕ್ಕೆ ಹೊರಡುವ ಮುಂಚೆ ತಾಯಿಯ ಕಾಲಿಗೆ ಬೀಳುವ ಮಟ್ಟು. ನಾನು ಅದನ್ನು ಕೇಳಲೇ ಇಲ್ಲ ಅಂದರೆ ನಂಬುತ್ತೀರಾ? ನನ್ನ ಕಿವಿಯಲ್ಲಿ ಗುಂಯ್ ಬಿಟ್ಟು ಇನ್ನೇನೂ ಇರಲಿಲ್ಲ. ವೈರ್ ಬದಲಾಯಿಸಿದೆ, ಯುಎಸ್‌ಬಿ ತೂತು ಬದಲಾಯಿಸಿದೆ, ಸೆಟ್ಟಿಂಗ್ ಬದಲಾಯಿಸಿದೆ. ಪ್ರತಿ ಸಲವೂ, "ಇನ್ನೊಂದ್ ಸಲ ಏಳಣ್ಣ."

ಒಂದು ಸಲ ಅಣ್ಣ ಹಾಡು ನಿಲ್ಲಿಸಿ ಅಂದ, "ನಾನು ಮೈಕ್‌ನ ಕೈಲಿ ಇಡ್ಕಂಡ್ರೆ ಗುಂಯ್ ಕಮ್ಮಿ ಆಯ್ತದೆ ಕಣವ್ವ, ಬುಟ್ರೆ ಜಾಸ್ತಿ ಆಯ್ತದೆ. ನೋಡು."

"ಅಣ್ಣ, ನೀನ್ ಪದ ಏಳು ಸಾಕು. ಮಿಸೀನ್ ವಿಚಾರ ನಂಗ್ ಬುಡು."

ಅವನು ಬಿಟ್ಟ.

ಏಳನೆಯ ದಿನ ಸಂಜೆಯ ಬಸ್ಸಿಗೆ ಮಂಡ್ಯಕ್ಕೆ ಹೋಗಿ ಆ ಪೆಟ್ಟಿಗೆಯನ್ನು ಅಂಗಡಿಯವನ ಮೇಜಿನ ಮೇಲೆ ಕುಕ್ಕಿ ಬಂದೆ. "ಇದೂ ಗುಂಯ್ ಅಂತದೆ. ಒಳ್ಳೇದ್ ಕೊಡ್ಸು." ಅವನು ತಲೆ ಕೆರೆದುಕೊಂಡು, ಇನ್ನೊಂದು ನಮೂನೆಯದನ್ನು ತರಿಸಿ ಕೊಡುತ್ತೇನೆ, ಎರಡು ದಿನ ಬೇಕು ಅಂದ. ಬರುವಾಗ ಬಸ್ಸಿನಲ್ಲಿ ಬೆರಳು ಮಡಿಚಿ ನೋಡಿದೆ. ಇನ್ನು ಐದು ದಿನ. ಅದರಲ್ಲಿ ಎರಡು ಹೋದರೆ ಮೂರು. ಆಸ್ಪತ್ರೆಗೆ ಸೇರುವುದು ಒಂದು ದಿನ ಮುಂಚೆ. ಎರಡು.

ಎಂಟನೆಯ ದಿನ ಸುಮ್ಮನೆ ಹೋಯಿತು. ಅಣ್ಣ ಮಾತು ಕಡಿಮೆ ಮಾಡಿದ್ದ. ಬೆಳಿಗ್ಗೆ 'ಕಾಫಿ' ಅಂತ ಕೇಳಿದಾಗ ಮೊದಲ ಅಕ್ಷರ ಬಂತು, ಎರಡನೆಯದು ಬರಲಿಲ್ಲ.

ಅವತ್ತು ಸಂಜೆ ನಾನು ಮಾಡಿದ ಕೆಲಸ ಹೇಳಬೇಕು. ಅಂಗಡಿ ಇಟ್ಟ ಮೊದಲ ದಿನದಿಂದ ನನ್ನದೊಂದು ನೇಮ. ಜನ ನಂಬಿ ಆಧಾರ್, ಪಾಸ್‌ಬುಕ್, ಫೋಟೋ ಎಲ್ಲ ಕೊಟ್ಟು ಸ್ಕ್ಯಾನ್ ಮಾಡಿಸುತ್ತಾರೆ. ಅದು ಕಂಪ್ಯೂಟರಿನಲ್ಲಿ ಉಳಿಯಬಾರದು. ಹಾಗಾಗಿ ದಿನಾ ಬಾಗಿಲು ಹಾಕುವ ಮುಂಚೆ ಪರದೆಯ ಮೇಲೆ ಇರುವುದನ್ನೆಲ್ಲ ಸೆಲೆಕ್ಟ್ ಮಾಡಿ, ಶಿಫ್ಟ್ ಒತ್ತಿ ಹಿಡಿದು ಡಿಲೀಟ್. ಹಾಗೆ ಮಾಡಿದರೆ ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರ ಮಾಯ. ಅಣ್ಣ ಬಂದ ದಿನದಿಂದ ಅವನ ಫೋಲ್ಡರ್ ಒಂದನ್ನು ಮಾತ್ರ ಬಿಟ್ಟು ಉಳಿದದ್ದು ಅಳಿಸುತ್ತಿದ್ದೆ. ಅವತ್ತು ಹಾರ್ಡ್ ಡಿಸ್ಕ್ ತುಂಬಿದೆ ಅಂತ ಬಂತು. ಒಳ್ಳೆಯ ಕಾರ್ಡ್ ಬಂದಾಗ ಹೊಸ ರೆಕಾರ್ಡಿಂಗಿಗೆ ಜಾಗ ಬೇಕಲ್ಲ? ಅಣ್ಣನ ಫೋಲ್ಡರಿನಲ್ಲಿದ್ದದ್ದು ಏನು, ಬರೀ ಗುಂಯ್. ಅದನ್ನೂ ಸೇರಿಸಿ ಸೆಲೆಕ್ಟ್ ಮಾಡಿದೆ. ಶಿಫ್ಟ್. ಡಿಲೀಟ್.

ಅಂಗಳ ಗುಡಿಸಿ ಮುಗಿಸಿದವಳ ಹಾಗೆ ಕೈ ಕೊಡವಿಕೊಂಡೆ. ಸಮಾಧಾನವೂ ಆಯಿತು, ಸುಳ್ಳೇಕೆ.

ಒಂಬತ್ತನೆಯ ದಿನ ಅಣ್ಣನನ್ನು ನೋಡಲು ಮಳವಳ್ಳಿಯ ಮೈಕ್‌ಸೆಟ್ ಸಾಬರು ಬಂದರು. ಮೂವತ್ತು ವರ್ಷದಿಂದ ಅಣ್ಣನ ನಾಟಕಗಳಿಗೆಲ್ಲ ಅವರದ್ದೇ ಮೈಕು. ಅಣ್ಣನ ಕೈ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಮೂಲೆಯಲ್ಲಿದ್ದ ಕಂಪ್ಯೂಟರ್ ನೋಡಿ, "ಏನ್ ಮೇಷ್ಟ್ರೇ, ಸ್ಟುಡಿಯೋ ಇಕ್ಬುಟ್ಟಿದ್ದೀರಿ?" ಅಂದರು.

ಅಣ್ಣ ನನ್ನ ಕಡೆ ಕೈ ತೋರಿಸಿದ. ನಾನು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ತೋಡಿಕೊಂಡೆ. ಮೂರು ಕಾರ್ಡು, ಒಂದು ಮೂಕ, ಎರಡಕ್ಕೆ ಗುಂಯ್, ನಾಳೆ ನಾಲ್ಕನೆಯದು ಬರುತ್ತದೆ.

ಸಾಬರು ಕಂಪ್ಯೂಟರಿನ ತಗಡಿಗೆ ಬೆರಳಿನ ಹಿಂಭಾಗ ಮೆಲ್ಲಗೆ ತಾಗಿಸಿದರು. "ಜುಮ್ ಅಂತದೆ," ಅಂದರು. "ಮೈಕ್ ಕೈಲಿ ಇಡ್ಕಂಡ್ರೆ ಗುಂಯ್ ಕಮ್ಮಿ ಆಯ್ತದಾ?"

ಅಣ್ಣ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

ಸಾಬರು ಬಗ್ಗಿ ಪ್ಲಗ್ಗು ಎಳೆದು ತೆಗೆದರು. ಮೂರು ಪಿನ್ನಿನ ಪ್ಲಗ್ಗು, ಮೇಲಿನ ದಪ್ಪ ಪಿನ್ನು ಇಲ್ಲ. ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ಹಳೆಯ ಬೋರ್ಡಿಗೆ ಹಿಡಿಯುವುದಿಲ್ಲ ಅಂತ ಇಕ್ಕಳದಲ್ಲಿ ತಿರುಚಿ ಕಿತ್ತು ಎಸೆಯುತ್ತೇವೆ, ಕರೆಂಟ್ ಬಂತಲ್ಲ ಸಾಕು ಅನ್ನುತ್ತೇವೆ. ಅದನ್ನು ಕಿತ್ತವಳು ನಾನೇ, ಅಂಗಡಿ ತೆರೆದ ವರ್ಷ.

"ಕಾರ್ಡ್ ಏನ್ ಮಾಡೀತು ತಾಯಿ? ಅರ್ತಿಂಗೇ ಇಲ್ವಲ್ಲ. ನೆಲಕ್ ಓಗ್ಬೇಕಾದ್ ಕರೆಂಟು ದಾರಿ ಇಲ್ದೆ ಮೈಕ್ನಾಗೆ ಬಂದು ಬಡ್ಕತದೆ. ಯಾವ್ ಕಾರ್ಡ್ ತಂದ್ರೂ ಇಂಗೇಯ."

"ಅಂಗಾರೆ ನಾನ್ ವಾಪಸ್ ಕೊಟ್ಟ ಪೆಟ್ಗೆ..."

"ಚೆಂದಾಗೇ ಇತ್ತು ಅಂತ ಕಾಣ್ತದೆ. ಅದ್ನೇ ಇಸ್ಕಂಡ್ ಬಾ."

ನಾನು ಮಂಡ್ಯದಿಂದ ಅದೇ ಪೆಟ್ಟಿಗೆ ವಾಪಸ್ ತರುವ ಹೊತ್ತಿಗೆ ಸಾಬರು ಹಿತ್ತಲಿನಲ್ಲಿ ಕೆಲಸ ಮುಗಿಸಿದ್ದರು. ನಾಟಕದ ಸ್ಟೇಜಿನ ಪಕ್ಕ ಅವರು ಪ್ರತಿ ಸಲ ಮಾಡುವ ಕೆಲಸವೇ ಅಂತೆ. ಬಚ್ಚಲ ನೀರು ಹರಿದು ಯಾವಾಗಲೂ ಒದ್ದೆಯಿರುವ ಕಡೆ ಮಾರುದ್ದದ ಕಬ್ಬಿಣದ ಸರಳು ಬಡಿದು, ಸುತ್ತ ಉಪ್ಪು ಸುರಿದು, ಅತ್ತಿಗೆಯ ಕೈಲಿ ಎರಡು ಕೊಡ ನೀರು ಹೊಯ್ಯಿಸಿ, ಅಲ್ಲಿಂದ ಒಂದು ವೈರ್ ಎಳೆದು ತಂದು ಹೊಸ ಬೋರ್ಡಿನ ದಪ್ಪ ತೂತಿಗೆ ಕೊಟ್ಟಿದ್ದರು. ಪ್ಲಗ್ಗಿಗೂ ಹೊಸ ಮೂರು ಪಿನ್ನು.

ಕಂಪ್ಯೂಟರ್ ಹಾಕಿದೆ. ಹೆಡ್‌ಫೋನ್ ಕಿವಿಗಿಟ್ಟೆ.

ಗುಂಯ್ ಇಲ್ಲ.

ಏನೂ ಇಲ್ಲ. ಗೋಡೆ ಮೇಲಿನ ಹಲ್ಲಿ ಲೊಚಗುಟ್ಟಿದ್ದು ಕೇಳುತ್ತದೆ, ಹಾರ್ಮೋನಿಯಮ್ಮಿನ ತಿದಿ ಉಸಿರೆಳೆಯುವುದು ಕೇಳುತ್ತದೆ. ಒಂಬತ್ತು ದಿನ ನಾನು ಹುಡುಕಿದ ದನಿ ಬಚ್ಚಲ ಮೋರಿಯ ಪಕ್ಕ ಎರಡು ಹಿಡಿ ಉಪ್ಪಿನಲ್ಲಿತ್ತು.

"ಏಳಣ್ಣ," ಅಂದೆ.

ಅಣ್ಣ ಕಾಲು ಒತ್ತಿದ, ಶ್ರುತಿ ಹಿಡಿದ, ಬಾಯಿ ತೆರೆದ. ಮೊದಲ ಪದ ಬಂತು. ಎರಡನೆಯದು ಬಂತು, ಮೇಲಿನ ಸ್ವರಕ್ಕೆ ಹೋಗುವಾಗ ಬಿರಿಯಿತು. ಮೂರನೆಯದು ಅರ್ಧಕ್ಕೆ ನಿಂತಿತು. ನೀರು ಕುಡಿದ, ಹಾಲು ಕುಡಿದ, ಮತ್ತೆ ಎತ್ತಿದ. ಗಂಟಲಿನಿಂದ ಗಾಳಿ ಮಾತ್ರ ಬಂತು. ಅವನು ನಿಲ್ಲಿಸಲಿಲ್ಲ. ಮಟ್ಟನ್ನು ಹಾರ್ಮೋನಿಯಮ್ಮಿನಲ್ಲಿ ಬಾರಿಸುತ್ತಾ ಪದವನ್ನು ಪಿಸುಗುಟ್ಟಿದ. ಹಾಗೇ ಅವತ್ತು, ಮಾರನೆಯ ದಿನ. ರೆಕಾರ್ಡಿಂಗ್ ಎಷ್ಟು ಸ್ವಚ್ಛವಾಗಿದೆ ಅಂದರೆ ಅವನ ಗಂಟಲು ಹರಿಯುವುದು ಕೂಡ ಕೇಳುತ್ತದೆ.

ಮಾರನೆಯ ದಿನ ಸಂಜೆ ಮತ್ತೆ ಬಂದ ಸಾಬರು ಅದನ್ನು ಕೇಳಿ, ಹೆಡ್‌ಫೋನ್ ತೆಗೆದಿಟ್ಟು ನನ್ನ ಭುಜ ತಟ್ಟಿದರು. "ಆಯ್ತು ಬುಡು ತಾಯಿ, ಅಳ್ಬ್ಯಾಡ. ವಾರದಿಂದ ತುಂಬ್ಸಿಟ್ಟಿದ್ದೀಯಲ್ಲ ಅಳೇದು, ಅದ್ರಾಗೆ ಗಂಟ್ಲು ಚೆಂದಾಗಿತ್ತಲ್ಲ? ಗುಂಯ್ ಇದ್ರೆ ಇರ್ಲಿ. ಆ ಗುಂಯ್ ಒಂದೇ ಸ್ವರ ಕಣಮ್ಮ, ಅದೊಂದ್ನ ಬಾಚಿ ತಗೀಬೋದು. ನಮ್ಮೋರು ದಿನಾ ತಗೀತಾರೆ. ಎಲ್ಲೈತೆ, ಆಕು ನೋಡನ."

ನಾನು ಮೌಸಿನ ಮೇಲಿಂದ ಕೈ ತೆಗೆದೆ.

"ಆಕಮ್ಮ."

"ಅಳಿಸ್ಬುಟ್ಟೆ ಸಾಬ್ರೇ."

"ಯಾವ್ದ?"

"ಅಷ್ಟೂವೆ."

ಅಣ್ಣ ಹಾರ್ಮೋನಿಯಂ ಮೇಲೆ ಕೈಯಿಟ್ಟುಕೊಂಡೇ ಇದ್ದ. ಅತ್ತಿಗೆ ಅಡುಗೆಮನೆಯಿಂದ ಈಚೆ ಬಂದವಳು ಮತ್ತೆ ಒಳಗೆ ಹೋದಳು. ಐವತ್ತಕ್ಕೂ ಹೆಚ್ಚು ಪದ. ಅವನು ಹೇಳಿದ್ದನ್ನೇ ಹೇಳದೆ ಒಂದೊಂದು ಸಲವೂ ಬೇರೆ ಬೇರೆ ಹೇಳಿದ ಪದಗಳು. ಕಾರ್ಡು ಪರೀಕ್ಷೆ ಮಾಡುತ್ತಿದ್ದೇನೆ ಅಂದುಕೊಂಡು ನಾನು ಖರ್ಚು ಮಾಡಿದ್ದು ಅಣ್ಣನ ಗಂಟಲನ್ನು. ಖರ್ಚು ಮಾಡಿ ಬಂದದ್ದನ್ನು ಕಸ ಅಂತ ಗುಡಿಸಿ ಹಾಕಿದ್ದೆ.

ಅಣ್ಣ ಹಾರ್ಮೋನಿಯಂ ಮುಚ್ಚಿದ. ಉಸಿರಿನಲ್ಲಿ ಅಂದ, "ಬುಡು ಕಣವ್ವ."

ಆಪರೇಷನ್ ಆಯಿತು. ಅಣ್ಣ ಬದುಕಿದ್ದಾನೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಕುತ್ತಿಗೆಯಲ್ಲಿ ತೂತಿದೆ, ಅದರಲ್ಲಿ ಉಸಿರಾಡುತ್ತಾನೆ. ಮಾತು ಬೇಕಾದರೆ ಫೋನಿನಲ್ಲಿ ಬರೆದು ತೋರಿಸುತ್ತಾನೆ. ಮೊನ್ನೆ ಊರಿನಲ್ಲಿ ಹೊಸ ನಾಟಕ ಕಟ್ಟಿದರು. ಅವನು ಬಾರಿಸಿ ತೋರಿಸುತ್ತಾನೆ, ಪಾರ್ಟುದಾರರಿಗೆ ರಾಗ ಸಿಗುತ್ತದೆ, ಆದರೆ ಮಾತನ್ನು ಅದರ ಮೇಲೆ ಎಲ್ಲಿ ಕೂರಿಸಬೇಕು ಅಂತ ತಿಳಿಯುವುದಿಲ್ಲ. ರಾಣಿ ಪಾರ್ಟಿನವನು, "ಎಲ್ ಎಳೀಬೇಕು ಮೇಷ್ಟ್ರೇ, ಇಲ್ಲಾ, ಇಲ್ಲಾ?" ಅಂತ ಐದು ಸಲ ಕೇಳಿದ. ಅಣ್ಣ ಐದು ಸಲವೂ ಬಾರಿಸಿದ. ಆರನೆಯ ಸಲ ಎದ್ದು ಆಚೆ ಹೋದ. ನಾನು ಅಲ್ಲೇ ಕೂತಿದ್ದೆ.

ಅಳಿಸಿದ್ದನ್ನು ವಾಪಸ್ ತರುವ ಸಾಫ್ಟ್‌ವೇರ್ ಲಿನಕ್ಸಿನಲ್ಲಿದೆ. ಹಾಕಿ ನೋಡಿದೆ. ಆದರೆ ಅದೇ ಡಿಸ್ಕಿನ ಮೇಲೆ ಎರಡು ದಿನ ಅಣ್ಣನ ಪಿಸುಮಾತನ್ನು ತುಂಬಿಸಿದ್ದೆನಲ್ಲ, ಹಳೆಯದರ ಜಾಗದಲ್ಲೆಲ್ಲ ಅದೇ ಕೂತಿತ್ತು. ಯಾರ್ಯಾರದೋ ಪಾಸ್‌ಪೋರ್ಟ್ ಫೋಟೋ ಬಂತು, ಒಂದು ಗೃಹಪ್ರವೇಶದ ಕಾರ್ಡ್ ಬಂತು. ಅಣ್ಣನದು ಒಂದೇ ತುಂಡು ಸಿಕ್ಕಿತು, ನಾಲ್ಕು ಸೆಕೆಂಡಿನದು. ಹಾಡಲ್ಲ. ಗುಂಯ್ ಅನ್ನುವ ಸದ್ದಿನ ನಡುವೆ ಅವನ ದನಿ, ಪೂರ್ತಿ ದನಿ, ದಣಿದು ಕೇಳುತ್ತಿದೆ: "ಇನ್ನೊಂದ್ ಸಲವಾ?"

ಸೌಂಡ್ ಕಾರ್ಡ್ ಕೇಳಿಕೊಂಡು ಈ ಪೋಸ್ಟಿಗೆ ಬಂದವರಿಗೆ ನನ್ನ ಉತ್ತರ ಇಷ್ಟು. ಲಿನಕ್ಸಿಗೆ ಹೊಟ್ಟೆಯೊಳಗೆ ಕೂರುವ ಕಾರ್ಡ್ ಬೇಡ, ಸಿ.ಡಿ. ಕೇಳದ ಯುಎಸ್‌ಬಿ ಪೆಟ್ಟಿಗೆ ತನ್ನಿ. ತರುವ ಮುಂಚೆ ಪ್ಲಗ್ಗಿನ ದಪ್ಪ ಪಿನ್ನು ಇದೆಯಾ ನೋಡಿ. ಹಾಡುವವರು ಏನಾದರೂ ಹೇಳಿದರೆ ಬಾಯಿ ಮುಚ್ಚಿಕೊಂಡು ಕೇಳಿ. ಮತ್ತೆ, ಎಷ್ಟೇ ಕೆಟ್ಟದಾಗಿರಲಿ, ಅಳಿಸಬೇಡಿ.

ಇನ್ನು ನನ್ನ ಕೋರಿಕೆ. ನಿಡಘಟ್ಟದಿಂದ ಮಳವಳ್ಳಿ ತನಕ, ಶಿವಪುರದ ಸುತ್ತಮುತ್ತ, ಮಂಡ್ಯದ ಆಚೀಚೆ, ಯಾವುದಾದರೂ ಊರಿನ ನಾಟಕವನ್ನು ನೀವು ಫೋನಿನಲ್ಲಿ ಹಿಡಿದಿದ್ದೀರಾ? ನಿಮ್ಮ ಮಾವನೋ ಭಾವಮೈದುನನೋ ಪಾರ್ಟು ಮಾಡಿದ್ದಾರೆ ಅಂತ? ಅದರಲ್ಲಿ ಪಾರ್ಟುದಾರ ಮರೆತು ನಿಂತಾಗ ಸ್ಟೇಜಿನ ಪಕ್ಕದಿಂದ ಮೇಷ್ಟ್ರು ಎತ್ತಿಕೊಡುವ ದನಿ ಕೇಳುತ್ತದೆ. ಕಿವಿಯಿಟ್ಟು ಕೇಳಿ. ಜನ ಶಿಳ್ಳೆ ಹೊಡೆಯಲಿ, ಮಕ್ಕಳು ಅಳಲಿ, ಗುಂಯ್ ಅನ್ನಲಿ, ಹಾಗೇ ಕಳಿಸಿ. ಅದು ನನ್ನ ಅಣ್ಣನದೇ ಇರಬಹುದು. ಅಲ್ಲದಿದ್ದರೆ ಇನ್ಯಾರದೋ ಅಣ್ಣನದು.

ಏನೂ ಇಲ್ಲದವರು ಕೆಳಗೆ ಬರೆಯಿರಿ. ಸರಿಯಿಲ್ಲ ಅಂತ ನೀವು ಕೈಯಾರೆ ಅಳಿಸಿದ್ದು ಯಾರ ದನಿ? ಅದರಲ್ಲಿ ಅವರು ಏನು ಹೇಳುತ್ತಿದ್ದರು? ನಾನು ಒಂದೊಂದನ್ನೂ ಓದುತ್ತೇನೆ.